ವೃದ್ಧರಿಲ್ಲದ ದೇವಾಲಯ



ವಿದೇಶಕ್ಕೆ ಹೋಗಿಬಂದ ಗುರುಗಳು ಅಲ್ಲಿನ ಮುಗಿಲೆತ್ತರದ ಕಟ್ಟಡಗಳನ್ನು ವರ್ಣಿಸುವುದು ನಮ್ಮಲ್ಲಿ ವಾಡಿಕೆ. ಆ ಕೆಲಸವನ್ನು ನಿಮ್ಮ ಮಕ್ಕಳೇ ನನಗಿಂತ ಚೆನ್ನಾಗಿ ಮಾಡಬಲ್ಲರು. ಅವರಲ್ಲಿ ಅನೇಕರು ಅಲ್ಲಿಯೇ ದುಡಿಯುತ್ತಿದ್ದಾರೆ. ದುಬೈ ಮತ್ತು ಬಹರೈನ್‌ಗಳಲ್ಲಿ ಎರಡು ವಾರ ಕಳೆದು ಬಂದ ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೊಂದು ಸಂಗತಿ. ಅಲ್ಲಿನ ದೇವಾಲಯಗಳಲ್ಲಿ ನರೆಗೂದಲಿನವರು ಕಾಣಸಿಗುವುದೇ ಅಪರೂಪ.

ದುಬೈಯ ಊದ್ ಮೇಥಾದಲ್ಲಿರುವ ಸಂತ ಮರಿಯಮ್ಮನವರ ದೇವಾಲಯಕ್ಕೆ ಭೂಮಿಯನ್ನು ದಾನವಿತ್ತವರು ಅಂದಿನ ದೊರೆ ಶೇಖ್ ರಶೀದ್. 1967ರಲ್ಲಿ ಮೊದಲ ದೇವಾಲಯವೂ 1989ರಲ್ಲಿ ಈಗಿನ ಕಟ್ಟಡವೂ ಆರಂಭಗೊಂಡವು. ಮೊದಲು ಶುಕ್ರವಾರವೇ ವಾರದ ರಜೆಯಾಗಿದ್ದುದರಿಂದ ನಮ್ಮವರ ಭಾನುವಾರ ಶುಕ್ರವಾರಕ್ಕೇ ಬಂದುಬಿಡುತ್ತಿತ್ತು. 2022ರ ಜನವರಿಯಿಂದ ಅಲ್ಲಿನ ಸರ್ಕಾರ ಶನಿವಾರ, ಭಾನುವಾರಗಳಂದು ರಜೆ ನೀಡುತ್ತಿದೆ. ಒಂದೇ ಛಾವಣಿಯ ಕೆಳಗೆ ಇಂಗ್ಲಿಷ್, ಅರಬ್ಬಿ, ಮಲಯಾಳಂ, ಕೊಂಕಣಿ, ತಮಿಳು, ಫಿಲಿಪಿನೋ ಜನರ ತಗಾಲೊಗ್ ಭಾಷೆಗಳಲ್ಲಿ ಬಲಿಪೂಜೆಗಳು ನಡೆಯುತ್ತವೆ. ಒಂದು ಗುಂಪು ಹೊರಬರುವ ಮುನ್ನವೇ ಇನ್ನೊಂದು ಗುಂಪು ಬಾಗಿಲಲ್ಲಿ ಕಾದು ನಿಂತಿರುತ್ತದೆ. ನಮ್ಮ ಎಷ್ಟು ಧರ್ಮಕೇಂದ್ರಗಳಲ್ಲಿ ಇಂಥ ನೂಕುನುಗ್ಗಲನ್ನು ಕಾಣುತ್ತೇವೆ?

ಆದರೆ ಆ ಗುಂಪಿನಲ್ಲಿ ಕೋಲೂರಿ ಬರುವ ಅಜ್ಜನಿಲ್ಲ. ತಲೆಯ ಮೇಲೆ ಸೆರಗು ಹೊದ್ದು ಮುಂದಿನ ಸಾಲಿನಲ್ಲಿ ಮೊಣಕಾಲೂರುವ ಅಜ್ಜಿಯೂ ಇಲ್ಲ. ಸಾಮಾನ್ಯ ನೌಕರನಿಗೆ ಅಲ್ಲಿ ವಾಸಿಸುವ ಪರವಾನಗಿ ಇರುವುದು ಉದ್ಯೋಗ ಇರುವವರೆಗೆ ಮಾತ್ರ. ದುಡಿಮೆ ನಿಂತೊಡನೆ ಮರಳಬೇಕು. ಹೀಗಾಗಿ ಅಲ್ಲಿನ ದೈವಜನರೆಂದರೆ ಯುವ ದಂಪತಿಗಳು, ಶಾಲಾ ಮಕ್ಕಳು, ಕುಟುಂಬವನ್ನು ಊರಿನಲ್ಲಿ ಬಿಟ್ಟುಬಂದ ಒಂಟಿ ಗಂಡಸರು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ದೇವಾಲಯಗಳಲ್ಲಿ ನಾನು ಕಾಣುವ ಚಿತ್ರ ಇದಕ್ಕೆ ತದ್ವಿರುದ್ಧ. ಒಂದೇ ಕುಟುಂಬವನ್ನು ಸಮುದ್ರವು ನಡುವೆ ಸೀಳಿ, ಎರಡು ದೇವಾಲಯಗಳಲ್ಲಿ ಕೂರಿಸಿದಂತಿದೆ.

ನನಗೆ ಆತಿಥ್ಯವಿತ್ತ ಮಿತ್ರ ಹೊನ್ನೆಮರಡಿನ ಕಡೆಯವನು. ಬೇಸಿಗೆಯಲ್ಲಿ ಶರಾವತಿಯ ಹಿನ್ನೀರು ಇಳಿದಾಗ ಮರದ ಬೊಡ್ಡೆಗಳು ನೀರಿನಿಂದ ತಲೆಯೆತ್ತುವುದನ್ನು ನೀವು ಕಂಡಿರಬಹುದು. ಪ್ರವಾಸಿಗರು ಹರಿಗೋಲಿನಲ್ಲಿ ಕುಳಿತು ಸಂಭ್ರಮದಿಂದ ಚಿತ್ರ ತೆಗೆಯುವ ಆ ನೀರಿನಡಿಯಲ್ಲಿ ಅವನ ಅಜ್ಜನ ಗದ್ದೆಯಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನಾಡಿಗೆ ಬೆಳಕು ಬಂತು. ಅವರಂಥವರು ಗಂಟುಮೂಟೆ ಕಟ್ಟಿದರು. "ನಮ್ಮ ಮನೆಗೆ ಹೊರಡುವುದು ಹೊಸದಲ್ಲ, ಫಾದರ್" ಎಂದು ಅವನು ನಕ್ಕ. ಆ ನಗುವಿಗೆ ಪ್ರತಿಯಾಗಿ ನನಗೆ ನಗು ಬರಲಿಲ್ಲ.

ಅವನ ಮನೆಮಾತು ಕೊಂಕಣಿ, ಪತ್ನಿಯದು ತಮಿಳು. ಇಬ್ಬರನ್ನೂ ಬೆಸೆದದ್ದು ನಮ್ಮ ದೇವಾಲಯದ ಕನ್ನಡ. ಊರಿನಲ್ಲಿ ನೀರೇರುತ್ತಿದ್ದ ಆ ದಿನಗಳಲ್ಲೇ, 1963ರ ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಲತೀನನ್ನು ಅರ್ಥವರಿಯದೆ ಒಪ್ಪಿಸುತ್ತಿದ್ದ ಹಿರಿಯರು ಕ್ರಮೇಣ ಕನ್ನಡದಲ್ಲಿ ಉತ್ತರಿಸತೊಡಗಿದರು. ಮನೆಯಲ್ಲಿ ಯಾವ ನುಡಿಯಿದ್ದರೂ ಮಲೆನಾಡಿನ ಕಥೋಲಿಕರು ದೇವರೊಂದಿಗೆ ಕನ್ನಡದಲ್ಲಿ ಮಾತನಾಡಲು ಕಲಿತರು. ಮರುಭೂಮಿಯಲ್ಲಿ ಈ ಬೆಸುಗೆ ಸಡಿಲವಾಗುತ್ತದೆ. ಕೊಂಕಣಿಯವರು ಕೊಂಕಣಿ ಪೂಜೆಗೆ, ತಮಿಳರು ತಮಿಳು ಪೂಜೆಗೆ. ಇದರಲ್ಲಿ ತಪ್ಪೇನೂ ಇಲ್ಲ. ತಾಯ್ನುಡಿಯ ಪ್ರಾರ್ಥನೆಗೆ ಅದರದೇ ಆದ ಸವಿಯಿದೆ. ಆದರೆ ಈ ದಂಪತಿಗಳು ಎಲ್ಲಿಗೆ ಹೋಗಬೇಕು? ಮಗಳ ಸಲುವಾಗಿ ಇಂಗ್ಲಿಷ್ ಪೂಜೆಗೆ ಹೋಗುತ್ತಾರೆ. ಮಗಳ ಧರ್ಮೋಪದೇಶವೂ ಇಂಗ್ಲಿಷಿನಲ್ಲೇ. ರಜೆಗೆ ಊರಿಗೆ ಬಂದಾಗ ಆ ಮಗುವೂ ಅಜ್ಜಿಯೂ ಒಂದೇ ಬೆಂಚಿನಲ್ಲಿ ಕುಳಿತು ಬೇರೆ ಬೇರೆಯಾಗಿ ಪ್ರಾರ್ಥಿಸಿದರಂತೆ. ಇದನ್ನು ಹೇಳುವಾಗ ಮಿತ್ರನ ಪತ್ನಿಯ ಧ್ವನಿ ತಗ್ಗಿತು.

ಬಹರೈನ್‌ನಲ್ಲಿ ನಾನಿದ್ದುದು ಮೂರೇ ದಿನ. ಮನಾಮಾದ ಪವಿತ್ರ ಹೃದಯದ ದೇವಾಲಯವು 1939ರದು. ಅವಾಲಿಯಲ್ಲಿರುವ ಅರೇಬಿಯಾ ಮಾತೆಯ ಮಹಾದೇವಾಲಯ 2021ರ ಡಿಸೆಂಬರಿನಲ್ಲಿ ಪ್ರತಿಷ್ಠಾಪನೆಗೊಂಡಿತು. ಮರುವರ್ಷದ ನವೆಂಬರಿನಲ್ಲಿ ಜಗದ್ಗುರು ಫ್ರಾನ್ಸಿಸರು ಅಲ್ಲಿ ಪ್ರಾರ್ಥಿಸಿದರು. ಭವ್ಯವಾದ ಕಟ್ಟಡ. ಆದರೂ ನನ್ನ ಮನಸ್ಸು ದುಬೈಯ ಆ ಎರಡು ಕೋಣೆಯ ಮನೆಯಲ್ಲೇ ಉಳಿದಿತ್ತು. ಮಿತ್ರನ ತಾಯಿ ನನ್ನ ಕೈಯಲ್ಲಿ ಕಳುಹಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿಯನ್ನು ಅವರು ಪೀಠದ ಮೇಲಿನ ವಸ್ತುವಿನಂತೆ ಜೋಪಾನವಾಗಿ ಇಟ್ಟುಕೊಂಡಿದ್ದರು.

ಆ ಮನೆಯಿಂದ ಹೊರಡುವ ಮುನ್ನ ನಾವೊಂದು ಏರ್ಪಾಡು ಮಾಡಿಕೊಂಡೆವು. ಶನಿವಾರ ದುಬೈಯಲ್ಲಿ ಸಂಜೆ ಆರೂವರೆಯಾದಾಗ ಇಲ್ಲಿ ಎಂಟು ಗಂಟೆ. ಆಗ ಅಲ್ಲಿನವರು ಮೂರು, ಊರಿನ ಅಜ್ಜಿ ಎರಡು ದಶಕಗಳಂತೆ ಫೋನಿನಲ್ಲಿ ಜಪಸರ ಹೇಳಬೇಕು. ಅಲ್ಲಿ ವಾಟ್ಸಾಪ್ ಕರೆಗಳಿಗೆ ನಿರ್ಬಂಧವಿರುವುದರಿಂದ ಅನುಮತಿಯುಳ್ಳ ಬೇರೊಂದು ಆ್ಯಪನ್ನು ಅಜ್ಜಿಯ ಫೋನಿಗೆ ಹಾಕಿಸಿದ್ದಾಯಿತು. ಹಿನ್ನೀರಿನ ಕಡೆ ಸಿಗ್ನಲ್ ಸಿಗುವುದು ಕಷ್ಟ. ಅವರು ಟಾರ್ಚ್ ಹಿಡಿದು ಮನೆಯ ಮೇಲಿನ ದಿಬ್ಬದವರೆಗೆ ನಡೆಯುತ್ತಾರೆ. ಮಳೆಗಾಲದಲ್ಲಿ ಕೊಡೆಯೂ ಬೇಕು. ಮಗು ಕನ್ನಡದ ಪ್ರಾರ್ಥನೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಓದುತ್ತದೆ. ಮೊನ್ನೆ ಪೂಜೆಯ ನಂತರ ಅಜ್ಜಿ ನನ್ನನ್ನು ತಡೆದು ನಿಲ್ಲಿಸಿದರು: "ಫಾದರ್, ಮಗು ತುಂಬಾ ಬೇಗ ಬೇಗ ಹೇಳ್ತದೆ. ನಾನು ಒಂದು ಮಣಿ ಮುಟ್ಟುವಷ್ಟರಲ್ಲಿ ಅದು ಮೂರು ದಾಟಿರ್ತದೆ. ಸ್ವಲ್ಪ ನಿಧಾನ ಹೇಳು ಅಂತ ನೀವೇ ಹೇಳಿ."