ತವರಿಗೆ ಬಂದವಳು

ಗುಜರಾತಿನ ಕಡಲಲ್ಲಿ ತಿಮಿಂಗಿಲ ಶಾರ್ಕ್ ಉಳಿದುಕೊಂಡದ್ದು ಕಾಯ್ದೆಗಿಂತ ಹೆಚ್ಚಾಗಿ ಒಂದು ನೆಂಟಸ್ತಿಕೆಯಿಂದ. ವನ್ಯಜೀವಿ ಕಾಯ್ದೆಯ ರಕ್ಷಣೆಯೇನೋ 2001ರಲ್ಲೇ ಬಂದಿತ್ತು. ಹುಲಿ ಇರುವ ಒಂದನೇ ಅನುಸೂಚಿಯಲ್ಲಿ ಈ ಮೀನಿಗೂ ಜಾಗ ಸಿಕ್ಕಿತ್ತು. ಆದರೆ ವೆರಾವಲ್ ಕಡೆಯ ಮೀನುಗಾರರಿಗೆ ಅದು ದೋಣಿಗೆ ಬಳಿಯುವ ಎಣ್ಣೆ, ಅಷ್ಟೆ. 2004ರಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು ಬಂದು, ಇವಳು ಹೆರಿಗೆಗೆ ತವರಿಗೆ ಬರುವ ಮಗಳು ಎಂದರು. ಕೊಲ್ಲುತ್ತಿದ್ದ ಕೈಗಳೇ ಬಲೆ ಕೊಯ್ದು ಅವಳನ್ನು ಬಿಡತೊಡಗಿದವು.

ನಮ್ಮ ಮನೆಗೂ ಅಕ್ಕ ಹೆರಿಗೆಗೆ ಬರುತ್ತಿದ್ದಳು. ಅಮ್ಮ ಅವಳಿಗೆ ಉಣಿಸುತ್ತಿದ್ದದ್ದು ಶಾರ್ಕನ್ನೇ, ನಮ್ಮ ಕಡೆಯ ತಾಟೆಯನ್ನು. ಅದರಲ್ಲೂ ಸಲಿಕೆಯಂಥ ಚಪ್ಪಟೆ ಮೂತಿಯ ಸಣ್ಣ ತಾಟೆ ಬಾಣಂತಿಯ ಎದೆಹಾಲಿಗೆ ಒಳ್ಳೆಯದಂತೆ. ಡಾಕ್ಟರು ಒಪ್ಪುತ್ತಾರೋ ಇಲ್ಲವೋ, ಬೆಳ್ಳುಳ್ಳಿ, ಕರಿಮೆಣಸು ಹಾಕಿ ಕುದಿಸಿದ ಆ ಸಾರಿನ ಘಾಟು ಜಗಲಿಗೆ ಬಂದರೆ ನನಗೂ ಹಸಿವು. "ಇದು ನಿನಗಲ್ಲ ಮಗಾ" ಎನ್ನುತ್ತಲೇ ಅಮ್ಮ ಬಾಲದ ತುಂಡೊಂದನ್ನು ನನ್ನ ಬಟ್ಟಲಿಗೆ ಜಾರಿಸುವಳು.

ಈ ಸಣ್ಣ ತಾಟೆಯ ಬಸಿರೇ ಒಂದು ಸೋಜಿಗ. ಅಂಡದ ಗಾತ್ರ ಒಂದು ಮಿಲಿಮೀಟರ್, ಶಾರ್ಕ್‌ಗಳಲ್ಲೇ ಅತಿ ಚಿಕ್ಕದು. ಅದರಲ್ಲಿ ಮರಿಗೆ ಬುತ್ತಿ ಎಲ್ಲಿ ಬಂತು? ಹಾಗಾಗಿ ಹೊಕ್ಕುಳಬಳ್ಳಿ, ಮಾಸು ಎರಡೂ ಉಂಟು. ಹೊಟ್ಟೆಯೊಳಗೇ ತಾಯಿಯ ಉಣಿಸು. ಹೆರಲು ಇಂಥದೇ ಋತುವೆಂದಿಲ್ಲ. ಎಂದು ಬಲೆ ಬೀಸಿದರೂ ಬಸುರಿಯೊಬ್ಬಳು ಸಿಕ್ಕಿಯೇ ಸಿಗುತ್ತಾಳೆ.

ಐಯುಸಿಎನ್ ಪಟ್ಟಿಯಲ್ಲಿ ತಿಮಿಂಗಿಲ ಶಾರ್ಕ್ 2016ರಿಂದ 'ಅಳಿವಿನಂಚಿನ' ಜೀವಿ. ಸಣ್ಣದು ಇನ್ನೂ 'ಅಪಾಯದ ಸಮೀಪ'ದಲ್ಲಿದೆ. ದೊಡ್ಡವಳಿಗಾಗಿ ಬಲೆ ಹರಿದರೆ ಗುಜರಾತ್ ಸರ್ಕಾರ ಪರಿಹಾರ ಕೊಡುತ್ತದೆ. ಮೊಳದುದ್ದದ ಮೀನಿಗಾಗಿ ಬಲೆ ಹರಿಯುವವರು ಯಾರು? ಬೇಡವೆಂದು ಬಿಟ್ಟರೂ ಟ್ರಾಲ್ ಬಲೆ ಕೇಳುವುದಿಲ್ಲ. ಹತ್ತೆಂಟು ಮೀನುಗಳ ರಾಶಿಯಲ್ಲಿ ಅದೂ ಒಂದು.

ಅಮ್ಮ ಈಗಿಲ್ಲ. ಅಕ್ಕನ ಮಗಳು ಬಾಣಂತಿಯಾದಾಗ ಡಬ್ಬಿಯ ಪುಡಿ ಬಂತು, ತಾಟೆಯನ್ನು ಯಾರೂ ಕೇಳಲಿಲ್ಲ. ಮಾಸಿನ ಸಂಗತಿ ಓದಿದ ಹೊಸತರಲ್ಲಿ, ಅಮ್ಮ ಇನ್ನೂ ಗಟ್ಟಿಯಾಗಿದ್ದಾಗ, ಅಡುಗೆಮನೆಗೆ ಹೋಗಿ ಹೇಳಿದ್ದೆ: "ಅದಕ್ಕೂ ಹೊಕ್ಕುಳಬಳ್ಳಿ ಉಂಟಂತೆ ಅಮ್ಮ, ಮನುಷ್ಯರ ಹಾಗೇ."

ಕೈಯ ಕೆಲಸ ನಿಲ್ಲಿಸದೆ ಅಮ್ಮ ಅಂದಳು: "ಮತ್ತೆ? ಹೆತ್ತವಳಿಗೆ ಏನು ಬೇಕಂತ ಅದಕ್ಕಲ್ಲದೆ ಕೋಳಿಗೆ ಗೊತ್ತಾಗ್ತದಾ?"