ಬತ್ತಿ ಎಳೆದ ನೀರು

ಚಿತ್ರದುರ್ಗದ ಕೋಟೆ ಹತ್ತಿದವರು ಗೋಪಾಲಸ್ವಾಮಿ ಹೊಂಡವನ್ನು ನೋಡಿಯೇ ಇರುತ್ತೀರಿ. ಮಳೆಗಾಲದಲ್ಲಿ ಅದು ತುಂಬಿ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುವಂತೆ ಕಟ್ಟಿದ್ದಾರೆ. ಬೀಳುವ ನೀರನ್ನು ಹಿಡಿದಿಟ್ಟು ಬದುಕಿದ ಊರು ನಮ್ಮದು. ಹಿರಿಯೂರಿನ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಇಂಥ ಊರಿನಲ್ಲಿ ನನ್ನಮ್ಮ ಸಜ್ಜೆಯ ಮೇಲೆ ಮನಿಪ್ಲಾಂಟ್ ಸಾಕಿದ್ದಾಳೆ.

ಬಳ್ಳಿ ಸಜ್ಜೆಯಿಂದ ಇಳಿದು, ಅಪ್ಪನ ಫೋಟೋ ಬಳಸಿ, ಕಿಟಕಿಯ ಸರಳು ಹಿಡಿದಿದೆ. ಕುಂಡ ಕೆಳಗಿಳಿಸಿದರೆ ಫೋಟೋದ ಸುತ್ತ ಹಬ್ಬಿದ್ದನ್ನೆಲ್ಲ ಬಿಡಿಸಬೇಕು. ಅದಕ್ಕೆ ಅಮ್ಮ ಒಪ್ಪುವುದಿಲ್ಲ. ಹಾಗಾಗಿ ಎಪ್ಪತ್ತೆರಡರ ವಯಸ್ಸಿನಲ್ಲಿ, ಸವೆದ ಮಂಡಿ ಇಟ್ಟುಕೊಂಡು, ಚೊಂಬು ಹಿಡಿದು ಸ್ಟೂಲು ಹತ್ತುತ್ತಿದ್ದಳು. ಮನೆಯಲ್ಲಿ ಅವಳೊಬ್ಬಳೇ. ಬೆಂಗಳೂರಿನಿಂದ ಮಾಡಿದ ಫೋನು ಎತ್ತದಿದ್ದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು ಆ ಸ್ಟೂಲು.

ದಸರಾ ರಜೆಗೆ ತಾನೇ ನೀರು ಎಳೆದುಕೊಳ್ಳುವ ಕುಂಡವೊಂದನ್ನು ಒಯ್ದೆ. ಎರಡು ಅಂತಸ್ತು: ಕೆಳಗೆ ನೀರು, ಮೇಲೆ ಮಣ್ಣು, ನಡುವೆ ನೈಲಾನ್ ಬತ್ತಿ.

"ದೀಪದ ಬತ್ತಿ ಎಣ್ಣೆ ಎಳ್ದಂಗೆ ತಾನೆ?" ಅಂದಳು ಅಮ್ಮ. ಅಷ್ಟೇ. ಮಣ್ಣು ಒಣಗಿದಷ್ಟು ನೀರು ಮೇಲೇರುತ್ತದೆ. ಹತ್ತಿಯ ಬತ್ತಿಯೂ ಆದೀತು, ಆದರೆ ಬೇಗ ಕೊಳೆಯುತ್ತದೆ. ನೀರಿನ ತೊಟ್ಟಿಯನ್ನು ನೆಲದ ಮೇಲಿಟ್ಟು ಉದ್ದನೆಯ ಬತ್ತಿ ಬಿಡೋಣವೆಂದರೆ ಆಗದು. ಅಷ್ಟು ಎತ್ತರಕ್ಕೆ ಅದು ಎಳೆಯುವುದಿಲ್ಲ. ಅಂಟು ಮಣ್ಣು ತುಂಬಿದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ, ಹಾಗಾಗಿ ಅರ್ಧಕ್ಕರ್ಧ ತೆಂಗಿನ ನಾರಿನ ಪುಡಿ ಬೆರೆಸಿದೆವು. ಮೊದಲ ಸಲ ಮೇಲಿನಿಂದಲೇ ನೀರು ಹಾಕಿ ಮಣ್ಣು ನೆನೆಸಬೇಕು, ಇಲ್ಲದಿದ್ದರೆ ಬತ್ತಿ ಕೆಲಸ ಶುರುಮಾಡುವುದಿಲ್ಲ. ತೊಟ್ಟಿಯ ಬಾಯಿ ಮುಚ್ಚಿರಬೇಕು. ಡೆಂಗಿ ಸೊಳ್ಳೆಗೆ ಇಂಥ ನಿಂತ ನೀರೇ ಬೇಕು. ನಮ್ಮ ಬೋರ್‌ವೆಲ್ ನೀರಂತೂ ಗಡಸು. ನೀರು ಆರಿ ಲವಣ ಉಳಿದು ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಎರಡು ತಿಂಗಳಿಗೊಮ್ಮೆ ಮೇಲಿನಿಂದ ಧಾರಾಳವಾಗಿ ಸುರಿದು ತೊಳೆಯಬೇಕು. ಹೀಗಾಗಿ 'ಮರೆತುಬಿಡಿ' ಎನ್ನುವ ಅಂಗಡಿಯವನ ಮಾತು ನನಗೆ ಹಿಡಿಸಲಿಲ್ಲ.

ಎಲ್ಲ ಮುಗಿದ ಮೇಲೆ ಅಮ್ಮ ಕೇಳಿದಳು: "ಹದಿನೈದು ದಿನ ಅದು ನೀರು ಕೇಳಲ್ಲ ಅಂದ್ರೆ, ನಂಗೇನೆ ಕೆಲ್ಸ?"

ತಮಾಷೆಗೆ ಅಂದದ್ದಲ್ಲ. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಅವಳನ್ನು ಕಾಯುತ್ತಿದ್ದದ್ದು ಹಾಲಿನವನು, ಬೀದಿಯ ಬೆಕ್ಕು ಮತ್ತು ಈ ಬಳ್ಳಿ. ಕಾಲು ಮುರಿಯದಿರಲೆಂದು ನಾನು ಅದರಲ್ಲೊಂದನ್ನು ಕಿತ್ತುಕೊಳ್ಳುತ್ತಿದ್ದೆ. ಉತ್ತರ ಹೊಳೆಯದೆ ಸುಮ್ಮನಿದ್ದೆ.

ತೊಟ್ಟಿ ತುಂಬಲು ಪಕ್ಕದ ಮನೆಯ ಕಾಲೇಜು ಹುಡುಗ ತಿಂಗಳಿಗೆರಡು ಭಾನುವಾರ ಬರುತ್ತಾನೆ. ಅವನಿಗಾಗಿ ಅಮ್ಮ ಮಂಡಕ್ಕಿ ಒಗ್ಗರಣೆ ಹಾಕಿ ಕಾದಿರುತ್ತಾಳೆ. ಕುಂಡ ಬದಲಿಸುವಾಗ ಮುರಿದ ಬಳ್ಳಿಯ ತುದಿಯನ್ನು ಅವಳು ಹಾರ್ಲಿಕ್ಸ್ ಬಾಟಲಿಯಲ್ಲಿಟ್ಟು, ಅಡುಗೆಮನೆಯ ಕಿಟಕಿಯಲ್ಲಿ, ಕೈಗೆಟಕುವ ಎತ್ತರದಲ್ಲಿ ನಿಲ್ಲಿಸಿದ್ದಾಳೆ. ದಿನಾ ನೀರು ಬದಲಿಸುತ್ತಾಳೆ. ದಿನಾ ಬೇಕಿಲ್ಲವೆಂದು ನಾನು ಹೇಳಿಲ್ಲ. ಮೊನ್ನೆ ಎರಡನೆಯ ಗಿಣ್ಣಿನಿಂದ ಬಿಳಿ ಬೇರು ಒಡೆದಿದೆಯಂತೆ.