ಎದುರಿನವನ ಮಾತು

ಬೈರಕೂರು ಮುಳಬಾಗಿಲು ತಾಲ್ಲೂಕಿನ ಒಂದು ಹೋಬಳಿ. ನಂಗಲಿ ದಾಟಿದರೆ ಆಂಧ್ರ. ನಮ್ಮ ಮನೆಗಳಲ್ಲಿ ಅಡುಗೆಮನೆಯ ಮಾತು ತೆಲುಗು, ಪಡಸಾಲೆಯ ಮಾತು ಕನ್ನಡ. ಬೈಗುಳಕ್ಕೆ ಆ ಹೊತ್ತಿಗೆ ಯಾವುದು ಬಾಯಿಗೆ ಬರುತ್ತದೋ ಅದು. ಸಿನಿಮಾದಲ್ಲೂ ಹೀಗೆಯೇ. ‘ಮಾಯಾಬಜಾರ್’ನ ರಾಮರಾಯರಿಗೆ ಕೈಮುಗಿದವರೇ ಮಾರನೆಯ ವಾರ ‘ಬೇಡರ ಕಣ್ಣಪ್ಪ’ನಿಗೆ ಕಣ್ಣೀರು ಹಾಕುತ್ತಿದ್ದರು. ಭಾಷೆ ಪೂರ್ತಿ ತಿಳಿಯದ ಮುದುಕಿಯರೂ ನಗುವ ಜಾಗಕ್ಕೆ ಸರಿಯಾಗಿ ನಗುತ್ತಿದ್ದರು. ಅದು ಹೇಗೆ ಎಂದು ಆಗ ಯಾರೂ ಕೇಳಲಿಲ್ಲ.

ಸುಗ್ಗಿ ಮುಗಿದ ಮೇಲೆ ನಮ್ಮ ಸೀಮೆಗೆ ಟೆಂಟು ಬರುತ್ತಿತ್ತು. ಹಗಲು ಎತ್ತಿನ ಗಾಡಿಗೆ ಎರಡು ಕಡೆ ಪೋಸ್ಟರು ಕಟ್ಟಿ, ತಮಟೆ ಬಡಿದು, ಗುಲಾಬಿ ಬಣ್ಣದ ಕರಪತ್ರ ತೂರುತ್ತ ಹೋಗುವರು. ಸಂಜೆ ಘಂಟಸಾಲ ಅವರ ವೆಂಕಟೇಶ್ವರನ ಹಾಡು ಧ್ವನಿವರ್ಧಕದಲ್ಲಿ ಬಂತೆಂದರೆ ಊಟ ಅರ್ಧಕ್ಕೆ ಬಿಟ್ಟು ಓಡಬೇಕು. ಒಳಗೆ ಮರಳು, ಅದನ್ನು ಗುಡ್ಡೆ ಮಾಡಿ ಅದರ ಮೇಲೆ ಕುಳಿತರೆ ಬಾಲ್ಕನಿ. ಇರುವುದು ಒಂದೇ ಯಂತ್ರ, ಆದ್ದರಿಂದ ರೀಲು ಬದಲಾಯಿಸುವಾಗಲೆಲ್ಲ ವಿರಾಮ. ಈಗಿನ ಹುಡುಗರಿಗೆ ಇದನ್ನು ಹೇಳಿದರೆ ಪಾಪ ಎನ್ನುತ್ತಾರೆ. ಪಾಪ ನಾವಲ್ಲ, ನಾವು ಕಡಲೆಕಾಯಿ ತಿನ್ನುತ್ತಿದ್ದೆವು.

ಆ ಪರದೆಯ ಮೇಲೆ ನಾವು ಮನಸಾರೆ ಬೈದದ್ದು ಬಾಲಕೃಷ್ಣನನ್ನು. ನರಸಿಂಹರಾಜು ಬಂದರೆ ನಗಬೇಕು ಎಂದು ಮೊದಲೇ ಗೊತ್ತಿರುತ್ತಿತ್ತು. ಬಾಲಕೃಷ್ಣ ಬಂದರೆ ಮಾತ್ರ ಈ ಸಲ ನಗಿಸುತ್ತಾನೋ ಮನೆ ಮುರಿಯುತ್ತಾನೋ ಹೇಳುವಂತಿಲ್ಲ. 1973ರ ‘ಗಂಧದ ಗುಡಿ’ಯಲ್ಲಿ ಅವನ ಖಳತನ ನೋಡಿ ನಮ್ಮೂರಿನ ಹೆಂಗಸೊಬ್ಬಳು ಪರದೆಗೆ ಮಣ್ಣು ತೂರಿದ್ದಳು. ನಟನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇದೆಯೆಂದು ನನಗೆ ಅನ್ನಿಸುವುದಿಲ್ಲ.

ನನ್ನ ಸೋದರಮಾವ ಬಾವಿ ತೋಡಿಸುವ ಮೇಸ್ತ್ರಿ. ಕೋಲಾರದ ಕಡೆ ವರ್ಷವಿಡೀ ಹರಿಯುವ ನದಿಯಿಲ್ಲ; ಕೆರೆ, ಬಾವಿ, ಇಲ್ಲವೇ ಆಕಾಶ. ಎರಡಾಳು ಮಣ್ಣು ತೆಗೆದರೆ ಬಂಡೆ ಸಿಗುತ್ತದೆ. ಬಂಡೆಗೆ ಕುಳಿ ಹೊಡೆದು ಮದ್ದು ತುಂಬಿ ಬತ್ತಿಗೆ ಬೆಂಕಿ ಕೊಟ್ಟು ಮೇಲೆ ಹತ್ತಿ ಬರಬೇಕು. ಒಂದು ದಿನ ಮದ್ದು ಬೇಗ ಸಿಡಿಯಿತು. ಮಾವನ ಜೀವ ಉಳಿಯಿತು, ಕಿವಿ ಉಳಿಯಲಿಲ್ಲ. ದೊಡ್ಡ ಆಸ್ಪತ್ರೆಗೂ ಹೋಗಿ ಬಂದರು. ಮೂವತ್ತೈದರ ಗಂಡಸು, ಮೂರು ಮಕ್ಕಳು. ಬಾವಿಯ ಕೆಲಸದಲ್ಲಿ ಮೇಲಿನವರು ಕೂಗಿದ್ದು ಕೆಳಗಿನವನಿಗೆ ಕೇಳದಿದ್ದರೆ ಅದು ಸಾವೇ. ಕೆಲಸ ಹೋಯಿತು. ಆಮೇಲೆ ಮಾತು ಹೋಯಿತು. ಕೇಳದವನು ಕ್ರಮೇಣ ಆಡುವುದನ್ನೂ ಬಿಡುತ್ತಾನೆ. ಹಟ್ಟಿಯ ಜಗಲಿಯಲ್ಲಿ ಗೋಡೆಗೆ ಮುಖಮಾಡಿ ಕೂರುತ್ತಿದ್ದ. ಟೆಂಟಿನ ಹಾಡು ಬಂದಾಗ ಇಡೀ ಊರು ಎದ್ದು ಹೋದರೂ ಅವನು ಏಳುತ್ತಿರಲಿಲ್ಲ. ಅವನಿಗೆ ಹಾಡು ಬಂದದ್ದೇ ತಿಳಿಯುತ್ತಿರಲಿಲ್ಲ ಎನ್ನುವುದು ನಮಗೆ ಹೊಳೆಯಲು ಸ್ವಲ್ಪ ಕಾಲ ಬೇಕಾಯಿತು.

ಬಾಲಕೃಷ್ಣನಿಗೂ ಕಿವಿ ಕೇಳಿಸುವುದಿಲ್ಲ ಎಂಬ ಸುದ್ದಿಯನ್ನು ತಂದವರು ಶಾಲೆಯ ಮೇಷ್ಟ್ರು. ಯಾವುದೋ ಸಿನಿಮಾ ಪತ್ರಿಕೆಯಲ್ಲಿ ಓದಿದ್ದರಂತೆ. ಊರು ನಂಬಲಿಲ್ಲ. ಎದುರಿನವನ ಮಾತು ಬಾಯಿಂದ ಬೀಳುವ ಮೊದಲೇ ಉತ್ತರ ಕೊಡುವವನು ಕಿವುಡನೇ? ಆದರೆ ಅದು ನಿಜ. ಅರಸೀಕೆರೆಯ ಟಿ.ಎನ್. ಬಾಲಕೃಷ್ಣ ನಾಟಕದ ಕಂಪನಿಗಳಿಂದ ಬಂದವರು. 1943ರ ‘ರಾಧಾರಮಣ’ದಿಂದ ಮೊದಲುಮಾಡಿ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಅಷ್ಟೂ ಕಾಲ ಅವರ ಕಿವಿ ಮಂದವಾಗಿತ್ತು. ಎದುರಿನವರ ತುಟಿ ನೋಡುತ್ತ ತಮ್ಮ ಸರದಿ ಹಿಡಿಯುತ್ತಿದ್ದರು. ಕನ್ನಡ ಚಿತ್ರರಂಗ ಬಡವಾಗಿದ್ದ ದಿನಗಳಲ್ಲಿ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಇವರೊಡನೆ ಸೇರಿ ಕಲಾವಿದರ ಸಂಘ ಕಟ್ಟಿ, ಊರೂರು ಸುತ್ತಿ ನಾಟಕವಾಡಿ, 1960ರಲ್ಲಿ ‘ರಣಧೀರ ಕಂಠೀರವ’ ತೆಗೆದವರಲ್ಲಿ ಅವರೂ ಒಬ್ಬರು. ಕೇಳದ ಕಿವಿ ಇಟ್ಟುಕೊಂಡು ರಂಗದ ಮೇಲೆ ನಿಲ್ಲುವುದೆಂದರೆ ಏನೆಂದು ಯೋಚಿಸಿ. ಸಿನಿಮಾದಲ್ಲಾದರೆ ತಪ್ಪಿದ್ದನ್ನು ಮತ್ತೆ ತೆಗೆಯಬಹುದು. ನಾಟಕದಲ್ಲಿ ಮೂರನೆಯ ಸಾಲಿನವನೇ ಕೂಗಿಬಿಡುತ್ತಾನೆ.

ಮೇಷ್ಟ್ರು ಇದನ್ನು ಸ್ಲೇಟಿನ ಮೇಲೆ ಬರೆದು ಮಾವನ ಮುಂದೆ ಹಿಡಿದರು. ಮಾವ ಓದಿ, ಅಳಿಸಿ, ವಾಪಸು ಕೊಟ್ಟ. ಏನೂ ಹೇಳಲಿಲ್ಲ.

ಆ ವರ್ಷದ ಟೆಂಟಿಗೆ ‘ಬಂಗಾರದ ಮನುಷ್ಯ’ ಬಂತು. ಚಿತ್ರ ತೆರೆಕಂಡದ್ದು 1972ರಲ್ಲಿ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತೆಂದು ಪ್ರಸಿದ್ಧಿ. ನಮ್ಮಲ್ಲಿಗೆ ತಲುಪುವ ಹೊತ್ತಿಗೆ ಪ್ರಿಂಟಿನ ತುಂಬ ಮಳೆ ಸುರಿಯುತ್ತಿತ್ತು. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಅಕ್ಕನ ಸಂಸಾರಕ್ಕಾಗಿ ಹಳ್ಳಿಗೆ ಬಂದು ಬರಡು ನೆಲ ಹಸನುಮಾಡುವ ರಾಜೀವನನ್ನು ಬೇರೆ ಊರಿನವರು ಕಥೆಯೆಂದು ನೋಡಿರಬಹುದು. ಬೈರಕೂರಿನವರು ಬಂಡೆ ಯಾವ ಜಾತಿಯದು, ಇದಕ್ಕೆ ಎಷ್ಟು ಮದ್ದು ಬೇಕು ಎಂದು ಲೆಕ್ಕ ಹಾಕುತ್ತಿದ್ದರು. ಆ ಚಿತ್ರದಲ್ಲಿ ಬಾಲಕೃಷ್ಣ ಖಳನಲ್ಲ; ರಾಜೀವನ ಬೆನ್ನಿಗೆ ನಿಲ್ಲುವ ರಾಚೂಟಪ್ಪ.

ಮಾವ ಬಂದ. ಎಲ್ಲರಿಗಿಂತ ಮುಂದೆ, ಪರದೆಗೆ ಹತ್ತು ಅಡಿ ದೂರದಲ್ಲಿ ಕುಳಿತ. ಮೂರು ರಾತ್ರಿ ಅದನ್ನೇ ನೋಡಿದ. ರಾಜಕುಮಾರರನ್ನು ನೋಡಿದನೋ ಇಲ್ಲವೋ. ರಾಚೂಟಪ್ಪ ಬಂದಾಗ ಮಾತ್ರ ಮೊಣಕಾಲೂರಿ ಏಳುತ್ತಿದ್ದ. ಹಿಂದಿನವರು ಬೈದರೆ ಅವನಿಗೆ ಕೇಳಬೇಕಲ್ಲ. ನಾಲ್ಕನೆಯ ದಿನ ಜಗಲಿಯ ಮೇಲೆ ಕುಳಿತು, ತಿಂಗಳುಗಟ್ಟಲೆ ಬಳಸದ ಗಂಟಲಿನಿಂದ ಹೇಳಿದ:

“ಅವನಿಗೇನು ಬಿಡು. ಅವನ ಮಾತೂ ಬರೆದುಕೊಟ್ಟಿರ್ತಾರೆ, ಎದುರಿನವನ ಮಾತೂ ಬರೆದುಕೊಟ್ಟಿರ್ತಾರೆ. ನನಗೆ ಯಾರು ಬರೆದುಕೊಡ್ತಾರೆ?”

ಮೇಷ್ಟ್ರಿಗೆ ಮುಖಭಂಗವಾಯಿತು. ಧೈರ್ಯ ತುಂಬಲು ಹೇಳಿದ ಕಥೆ ಹೀಗೆ ತಿರುಗಿ ಬೀಳುತ್ತದೆಂದು ಅವರು ಎಣಿಸಿರಲಿಲ್ಲ. ಆದರೆ ಮಾವನ ಮಾತು ದೂರಾಗಿರಲಿಲ್ಲ, ಲೆಕ್ಕವಾಗಿತ್ತು. ಬಾಲಕೃಷ್ಣನ ಗುಟ್ಟು ಬರಿಯ ತುಟಿಯಲ್ಲಿಲ್ಲ, ಎದುರಿನವನು ಏನು ಹೇಳುತ್ತಾನೆಂದು ಮೊದಲೇ ತಿಳಿದಿರುವುದರಲ್ಲಿದೆ ಎನ್ನುವುದನ್ನು ಅವನು ಮೂರು ರಾತ್ರಿಯಲ್ಲಿ ಕಂಡುಕೊಂಡಿದ್ದ.

ತುಟಿಯನ್ನೇ ನಂಬಿದರೆ ಏನಾಗುತ್ತದೆಂದು ನೀವೇ ಕನ್ನಡಿಯ ಮುಂದೆ ನಿಂತು ನೋಡಬಹುದು. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ. ಕ, ಗ ಒಳಗೇ ಹುಟ್ಟಿ ಒಳಗೇ ಮುಗಿಯುತ್ತವೆ, ಹೊರಗೆ ಕಾಣುವುದೇ ಇಲ್ಲ. ನಾನು ‘ಮಾವ’ ಎಂದರೂ ನನ್ನ ಅಪ್ಪ ‘ಭಾವ’ ಎಂದರೂ ಅವನ ಕಣ್ಣಿಗೆ ಒಂದೇ. ಉಳಿದದ್ದನ್ನು ತಲೆಯಿಂದ ತುಂಬಬೇಕು. ಮಾವ ತುಂಬುವುದನ್ನು ಕಲಿತ. ಹೊಲದ ಬದನೆಕಾಯಿ ಹೊತ್ತು ಮುಳಬಾಗಿಲಿನ ಸಂತೆಗೆ ಹೊರಡುವ ಮುನ್ನ ಅಂಗಳದಲ್ಲಿ ನಿಂತು ಎರಡೂ ಪಾತ್ರವನ್ನು ಆಡುತ್ತಿದ್ದ. “ವ್ಯಾಪಾರಿ ಹೇಳೋದು ಮೂರೇ ಮಾತು ಕಣೋ,” ಎನ್ನುವನು. “ಮಾಲು ಚೆನ್ನಾಗಿಲ್ಲ, ಇವತ್ತು ಬಹಳ ಬಂದಿದೆ, ಆಮೇಲೆ ಬಾ. ಕಿವಿ ಇದ್ದಾಗಲೂ ನಾನು ಕೇಳಿದ್ದು ಅಷ್ಟೇ.” ಸಂತೆಯಲ್ಲಿ ವ್ಯಾಪಾರಿಯ ಭುಜ ಹಿಡಿದು ಬೆಳಕಿನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದ. ದಪ್ಪ ಮೀಸೆಯವರ ಹತ್ತಿರ ವ್ಯವಹಾರವನ್ನೇ ಇಟ್ಟುಕೊಳ್ಳಲಿಲ್ಲ. ರಾತ್ರಿ ಮನೆಯಲ್ಲಿ ನಾವು ಮಾತಾಡಿದರೆ ಲಾಂದ್ರ ಎತ್ತಿ ನಮ್ಮ ಬಾಯಿಗೆ ಹಿಡಿಯುವನು, ಹುಬ್ಬು ಸುಡುತ್ತಿತ್ತು. ಎರಡು ಎಕರೆ ಕೈಬಿಟ್ಟುಹೋಗಲಿಲ್ಲ. ಮಗಳಂದಿರ ಮದುವೆಯ ಮಾತುಕತೆಗೆ ಅವನೇ ಕುಳಿತ. ಆಗಲೂ ಬೀಗರ ಮಾತನ್ನು ಹಿಂದಿನ ರಾತ್ರಿಯೇ ಬಾಯಿಪಾಠ ಮಾಡಿದ್ದ. ಒಂದು ಕಡೆ ಮಾತ್ರ ಬೀಗರು ಅವನ ಲೆಕ್ಕ ತಪ್ಪಿಸಿದರು: ವರದಕ್ಷಿಣೆ ಬೇಡ ಎಂದುಬಿಟ್ಟರು. ಮಾವ ಅದನ್ನು ಮೂರು ಸಲ ಹೇಳಿಸಿದ.

ಬಾಲಕೃಷ್ಣ ಬೆಂಗಳೂರಿನ ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೊ ಕಟ್ಟಲು ಹೋಗಿ ಪಟ್ಟ ಪಾಡನ್ನು ಪತ್ರಿಕೆಗಳು ಬಹಳ ಬರೆದಿವೆ. 2009ರ ಡಿಸೆಂಬರಿನಲ್ಲಿ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ನಡೆದದ್ದೂ ಅಲ್ಲಿಯೇ. 2025ರಲ್ಲಿ ಆ ಸಮಾಧಿಯನ್ನು ನೆಲಸಮ ಮಾಡಿದರು. ಆ ಜಗಳ ನನ್ನ ಕೈಗೆ ಮೀರಿದ್ದು. 1995ರ ಜುಲೈ 19ರಂದು ಬಾಲಕೃಷ್ಣ ತೀರಿಕೊಂಡ ಸುದ್ದಿ ತಿಳಿದಾಗ ಮಾವ ಹೊಲದಲ್ಲಿದ್ದ. ಹೋಗಿ ಹೇಳಿದೆ. ಅದೊಂದನ್ನು ಅವನು ಮೊದಲೇ ಬರೆದುಕೊಂಡಿರಲಿಲ್ಲ. ಆದರೂ ಒಂದೇ ಸಲಕ್ಕೆ ತಿಳಿಯಿತು. ಗುದ್ದಲಿ ನೆಟ್ಟು, “ನರಸಿಂಹರಾಜೂ ಇಲ್ಲ, ಇವನೂ ಇಲ್ಲ,” ಎಂದ. ನರಸಿಂಹರಾಜು ಹೋದದ್ದು 1979ರಲ್ಲಿ.

ಟೆಂಟಿನ ಇನ್ನೊಂದು ಸಂಗತಿ ಹೇಳದಿದ್ದರೆ ಮಾವನಿಗೆ ಅನ್ಯಾಯ. ಅಲ್ಲಿ ಪದೇ ಪದೇ ಧ್ವನಿ ಕೆಡುತ್ತಿತ್ತು. ಚಿತ್ರ ಓಡುತ್ತಲೇ ಇರುವುದು, ಶಬ್ದ ಇಲ್ಲ. ಜನ ಶಿಳ್ಳೆ ಹಾಕಿ, ಯಂತ್ರದವನ ವಂಶವನ್ನೆಲ್ಲ ಎರಡು ಭಾಷೆಯಲ್ಲಿ ನೆನೆದು, ಎದ್ದು ನಿಲ್ಲುವರು. ಹಾಗೆ ಗದ್ದಲವೆದ್ದ ಒಂದು ರಾತ್ರಿ ಮುಂದಿನ ಸಾಲಿನಲ್ಲಿ ಒಬ್ಬನೇ ತೊಡೆ ತಟ್ಟಿ ನಗುತ್ತಿದ್ದ. ಪಕ್ಕದ ಹುಡುಗರು ಅವನ ಹೆಗಲು ಹಿಡಿದು ಕೇಳಿದರು, “ಏನಂದ, ಏನಂದ?” ಮಾವ ಪರದೆಯಿಂದ ಕಣ್ಣು ಕೀಳದೆ ಒಂದೊಂದೇ ಮಾತು ಹೇಳತೊಡಗಿದ. ಹಿಂದಿನವರು ಸುಮ್ಮನೆ ಕುಳಿತು ಕೇಳಿದರು.